ತೆಳ್ಳನೆಯ ಕೀ ಕೊಡುವ ವಾಚು: ಕೊಳ್ಳುವ ಮೊದಲು, ಕೊಂಡ ಮೇಲೆ

ಅಂಗಿಯ ತೋಳಿನ ಗುಂಡಿ ಹಾಕಿದ ಮೇಲೆ ವಾಚು ಅದರಡಿಗೆ ತಾನಾಗಿ ಜಾರಿಕೊಳ್ಳಬೇಕು. ಕೈ ಚಾಚಿದಾಗ ಬಟ್ಟೆಗೆ ಸಿಕ್ಕಿಕೊಳ್ಳದೆ ಹೊರಗೆ ಬರಬೇಕು. ಡ್ರೆಸ್ ವಾಚಿನಿಂದ, ಅಂದರೆ ಔಪಚಾರಿಕ ಉಡುಪಿನೊಂದಿಗೆ ಕಟ್ಟುವ ಸರಳ ವಾಚಿನಿಂದ, ಬಯಸುವುದು ಮುಖ್ಯವಾಗಿ ಇದನ್ನೇ. ಆದರೆ ಡ್ರೆಸ್ ವಾಚು ಎಂಬ ಹೆಸರಿನಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಆಟೊಮ್ಯಾಟಿಕ್‌ಗಳಲ್ಲಿ (ಕೈಯ ಅಲುಗಾಟದಿಂದ ತಾನೇ ಕೀ ತುಂಬಿಕೊಳ್ಳುವ ವಾಚುಗಳಲ್ಲಿ) 11–12 ಮಿ.ಮೀ. ದಪ್ಪದವು ಬೇಕಾದಷ್ಟಿವೆ. ಚಿತ್ರದಲ್ಲಿ ಡಯಲ್ ಸೊಗಸು, ಕೈಗೆ ಕಟ್ಟಿದರೆ ಡಬ್ಬಿ. ಇದಕ್ಕೆ ಹೆಚ್ಚಾಗಿ ಕಾರಣ ಕೇಸಿನ ವಿನ್ಯಾಸವಲ್ಲ, ಒಳಗಿರುವ ಯಂತ್ರ, ಅಂದರೆ ಮೂವ್‌ಮೆಂಟ್. ಹಾಗಾಗಿ ಬ್ರ್ಯಾಂಡ್, ಡಯಲ್ ಬಣ್ಣ, ಬೆಲೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಮೂವ್‌ಮೆಂಟಿನ ಹೆಸರು ಮತ್ತು ಸಂಖ್ಯೆ. ಅದು ಗೊತ್ತಾದರೆ ವಾಚು ಎಷ್ಟು ತೆಳ್ಳಗಾಗಬಲ್ಲದು, ಎಷ್ಟು ಕಾಲ ರಿಪೇರಿಗೆ ಒಗ್ಗುತ್ತದೆ ಎಂಬುದರ ಬಹುಪಾಲು ಗೊತ್ತಾದಂತೆ.

ಎಷ್ಟಿದ್ದರೆ ತೆಳು?

ಇದಕ್ಕೆ ಲಿಖಿತ ನಿಯಮವಿಲ್ಲ. ಕೈಗೆಟುಕುವ ಬೆಲೆಯಲ್ಲಿ ಹುಡುಕುವವರು ಈ ಅಳತೆ ಇಟ್ಟುಕೊಳ್ಳಬಹುದು: ಕೀ ಕೊಡುವ ವಾಚಾದರೆ ಗಾಜು ಸೇರಿ 7 ಮಿ.ಮೀ. ಒಳಗೆ, ಆಟೊಮ್ಯಾಟಿಕ್ ಆದರೆ 9 ಮಿ.ಮೀ. ಒಳಗೆ. ದಾಖಲೆಯ ವಾಚುಗಳ ಲೋಕವೇ ಬೇರೆ. ಪಿಯಾಜೆ ಕಂಪನಿ 1957ರಲ್ಲೇ 9ಪಿ ಎಂಬ 2 ಮಿ.ಮೀ. ದಪ್ಪದ ಮೂವ್‌ಮೆಂಟ್ ಹೊರತಂದಿತ್ತು. 2022ರಲ್ಲಿ ಬಂದ ಬುಲ್ಗರಿಯ ಆಕ್ಟೊ ಫಿನಿಸ್ಸಿಮೊ ಅಲ್ಟ್ರಾ ಇಡೀ ವಾಚೇ 1.8 ಮಿ.ಮೀ. ಈ ಬುಲ್ಗರಿಯಂಥ ವಾಚುಗಳಲ್ಲಿ ಕೇಸಿನ ಹಿಂಬದಿಯೇ ಮೂವ್‌ಮೆಂಟಿನ ತಳಹದಿ. ಗೇರುಗಳನ್ನು ಅದರ ಮೇಲೆಯೇ ಕೂರಿಸಿರುತ್ತಾರೆ. ನೋಡಿ ಬೆರಗಾಗಬಹುದು, ದಿನವೂ ಕಟ್ಟಿ ತಿರುಗುವ ಮಾತು ಬೇರೆ.

ದಪ್ಪ ಎಲ್ಲೆಲ್ಲಿ ಸೇರುತ್ತದೆ ಎಂದು ತಿಳಿದಿದ್ದರೆ ಆಯ್ಕೆ ಸುಲಭ. ಕೆಳಗಿನಿಂದ ಮೇಲಕ್ಕೆ ಎಣಿಸಿದರೆ ಹಿಂಬದಿಯ ಮುಚ್ಚಳ, ಮೂವ್‌ಮೆಂಟ್, ಡಯಲ್, ಒಂದರ ಮೇಲೊಂದು ತಿರುಗುವ ಮುಳ್ಳುಗಳಿಗೆ ಬೇಕಾದ ಜಾಗ, ಆಮೇಲೆ ಗಾಜು. ಮೂವ್‌ಮೆಂಟ್ 2.5 ಮಿ.ಮೀ. ಇದ್ದರೆ ಉಳಿದದ್ದಕ್ಕೆಲ್ಲ ಸುಮಾರು 4 ಮಿ.ಮೀ. ಸಾಕು, ವಾಚು 6.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೂವ್‌ಮೆಂಟೇ 5.3 ಮಿ.ಮೀ. ಇದ್ದರೆ ಎಂಥ ಜಾಣ ವಿನ್ಯಾಸಕನಿಗೂ ಅದನ್ನು ತೆಳ್ಳಗೆ ಮಾಡಲಾಗದು. ಹಿಂಬದಿಗೆ ಪಾರದರ್ಶಕ ಗಾಜು ಹಾಕಿದರೆ ಇನ್ನೊಂದಿಷ್ಟು ದಪ್ಪ ಸೇರುತ್ತದೆ. ತೆಳುತನವೇ ಗುರಿಯಾಗಿದ್ದರೆ ಮುಚ್ಚಿದ ಸ್ಟೀಲ್ ಹಿಂಬದಿಯೇ ಒಳ್ಳೆಯದು. ದಿನವಿಡೀ ಚರ್ಮಕ್ಕೆ ಅಂಟಿಕೊಂಡಿರುವ ಭಾಗಕ್ಕೆ ಕಿಟಕಿ ಇಡಲು ಅರ್ಧ ಮಿಲಿಮೀಟರ್ ಬಿಟ್ಟುಕೊಡುವುದು ದುಬಾರಿ ವ್ಯವಹಾರ.

ಯಾವ ಮೂವ್‌ಮೆಂಟ್?

ಈ ಬೆಲೆಯ ಮಟ್ಟದಲ್ಲಿ ಮೊದಲು ಹುಡುಕಬೇಕಾದದ್ದು ಸ್ವಿಸ್ ಮೂವ್‌ಮೆಂಟ್ ತಯಾರಕ ಇಟಿಎ ಕಂಪನಿಯ 7001. ಪೆಸೊ 7001 ಎಂದೂ ಕರೆಯುತ್ತಾರೆ. 1971ರಿಂದ ಇದೆ. ದಪ್ಪ 2.5 ಮಿ.ಮೀ., ಅಗಲ 23.3 ಮಿ.ಮೀ., 17 ಜುವೆಲ್ (ಸವೆತ ತಡೆಯುವ ಪುಟ್ಟ ಕಲ್ಲು), ಗಂಟೆಗೆ 21,600 ಬಡಿತ, ಪೂರ್ತಿ ಕೀ ಕೊಟ್ಟರೆ 40 ಗಂಟೆಗೂ ತುಸು ಹೆಚ್ಚು ಓಟ. ಸೆಕೆಂಡ್ ಮುಳ್ಳು ನಡುವೆ ಇರದೆ 6ರ ಬಳಿ ಪುಟ್ಟ ವೃತ್ತದಲ್ಲಿ, ಗಂಟೆ ಮುಳ್ಳಿನ ಅಡಿಯಲ್ಲೇ ತಿರುಗುತ್ತದೆ. ಹಾಗಾಗಿ ನಡುವೆ ಮೂರು ಮುಳ್ಳು ಪೇರಿಸುವ ಎತ್ತರ ಉಳಿಯುತ್ತದೆ. ನೋಮೋಸ್ ಕಂಪನಿಯ 1992ರ ಮೊದಲ ವಾಚುಗಳು ಓಡಿದ್ದು ಇದರಿಂದಲೇ. ಸ್ಟೊವಾ ಕಂಪನಿಯ ಆಂಟಿಯಾ ವಾಚಿನ ಚಿಕ್ಕ ಸೆಕೆಂಡಿನ ಮಾದರಿಯಲ್ಲೂ ಇದೇ ಇತ್ತು. ಹತ್ತಾರು ವರ್ಷ ತಯಾರಾದದ್ದರಿಂದ ಬಿಡಿಭಾಗ ಸಿಗುತ್ತವೆ, ಬಿಚ್ಚಿ ಜೋಡಿಸಿ ಅನುಭವ ಇರುವ ರಿಪೇರಿಯವರೂ ಸಿಗುತ್ತಾರೆ. ಕೊರತೆ ಒಂದಿದೆ: ಸಾಮಾನ್ಯ ದರ್ಜೆಯ 7001ರಲ್ಲಿ ಕ್ರೌನ್ (ಕೀ ಕೊಡುವ, ಸಮಯ ಹೊಂದಿಸುವ ಪಕ್ಕದ ಗುಂಡಿ) ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಸೆಕೆಂಡಿನ ಲೆಕ್ಕಕ್ಕೆ ಸಮಯ ಹೊಂದಿಸುವ ಆಸೆ ಬಿಡಬೇಕು.

ಅದು ಸಿಗದಿದ್ದರೆ ಇಟಿಎ 2801 ಅಥವಾ ಸೆಲ್ಲಿಟಾ ಎಸ್‌ಡಬ್ಲ್ಯು 210. ಎರಡೂ ಕೀ ಕೊಡುವವು, ಎರಡೂ 3.35 ಮಿ.ಮೀ., ಗಂಟೆಗೆ 28,800 ಬಡಿತ. ಗಟ್ಟಿಮುಟ್ಟು, ಸಮಯ ಪಾಲನೆಯಲ್ಲಿ 7001ಗಿಂತ ಒಂದು ಕೈ ಮೇಲು. ಆದರೆ ವಾಚು ಮೇಲೆ ಹೇಳಿದ 7 ಮಿ.ಮೀ. ದಾಟಿ ಸಾಮಾನ್ಯವಾಗಿ 8–9 ಮಿ.ಮೀ. ಆಗುತ್ತದೆ.

ಆಟೊಮ್ಯಾಟಿಕ್ ಬೇಕೇ ಬೇಕು ಎನ್ನುವವರಿಗೆ ಇಟಿಎ 2892 ಅಥವಾ ಅದರ ಸೋದರನಂತಿರುವ ಸೆಲ್ಲಿಟಾ ಎಸ್‌ಡಬ್ಲ್ಯು 300, ಎರಡೂ 3.6 ಮಿ.ಮೀ. ಇನ್ನೂ ಕಡಿಮೆ ಬೆಲೆಗೆ ಮಿಯೋಟಾ 9015, ದಿನಾಂಕ ಬೇಡವಾದರೆ 9039, ಇವು 3.9 ಮಿ.ಮೀ. ಸಣ್ಣ ಬ್ರ್ಯಾಂಡ್‌ಗಳ ತೆಳು ಆಟೊಮ್ಯಾಟಿಕ್‌ಗಳಲ್ಲಿ ಈ ಮಿಯೋಟಾ ಬಹಳ ಕಡೆ ಕಾಣುತ್ತದೆ. ಇದರ ರೋಟರ್, ಅಂದರೆ ಕೈ ಅಲುಗಿದಾಗ ತಿರುಗಿ ಕೀ ತುಂಬುವ ತೂಕದ ತಟ್ಟೆ, ಒಂದೇ ದಿಕ್ಕಿನಲ್ಲಿ ಕೀ ತುಂಬುತ್ತದೆ. ಇನ್ನೊಂದು ದಿಕ್ಕಿಗೆ ತಿರುಗುವಾಗ ಗರಗರ ಎಂದು ಸುಮ್ಮನೆ ಸುತ್ತುತ್ತದೆ, ತೆಳು ಕೇಸಿನಲ್ಲಿ ಆ ಸದ್ದು ಕಿವಿಗೂ ಕೇಳುತ್ತದೆ. ಅದು ದೋಷವಲ್ಲ.

ಮೂವ್‌ಮೆಂಟ್ ವಿವರದಲ್ಲಿ ಸೈಕೊ ಎನ್‌ಎಚ್ 35 ಅಥವಾ ಮಿಯೋಟಾ 8215 ಎಂದಿದ್ದರೆ ಅಲ್ಲಿಗೇ ಬಿಡಿ. ಮೊದಲನೆಯದು 5.32 ಮಿ.ಮೀ., ಎರಡನೆಯದು 5.67. ಒಳ್ಳೆಯ, ನಂಬಿಕಸ್ಥ ಯಂತ್ರಗಳೇ ಹೌದು, ಈ ಕೆಲಸಕ್ಕೆ ಮಾತ್ರ ಅಲ್ಲ.

ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನಮ್ಮ ಸಲಹೆ ಕೀ ಕೊಡುವ, ದಿನಾಂಕವಿಲ್ಲದ ವಾಚಿನ ಕಡೆಗೇ. ರೋಟರ್ ಇಲ್ಲದಿರುವುದರಿಂದ ಒಂದು ಅಂತಸ್ತು ಕಡಿಮೆ, ದಿನಾಂಕದ ತಟ್ಟೆ ಇಲ್ಲದಿರುವುದರಿಂದ ಇನ್ನಷ್ಟು ಕಡಿಮೆ. ಕೆಡಬಲ್ಲ ಭಾಗಗಳೂ ಕಡಿಮೆ. ದಿನಾಂಕವಿದ್ದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಅದನ್ನು ಬೇಗ ಬದಲಾಯಿಸುವ ವ್ಯವಸ್ಥೆಗೆ ಕೈ ಹಾಕಬಾರದು. ಆ ಹೊತ್ತಿನಲ್ಲಿ ಗೇರಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಮುರಿಯಬಹುದು. ಎರಡು ಮೂರು ವಾಚು ಇಟ್ಟುಕೊಂಡು ಬದಲಾಯಿಸಿ ಕಟ್ಟುವವರಿಗೆ ಈ ತಾಪತ್ರಯವೇ ಬೇಡ.

ವಿವರಣೆಯಲ್ಲಿ ಅಡಗಿರುವ ಮೋಸ

ಆನ್‌ಲೈನಿನಲ್ಲಿ ‘ಸ್ಲಿಮ್’ ಎಂದು ಹುಡುಕಿದರೆ ಬರುವವುಗಳಲ್ಲಿ ಹೆಚ್ಚಿನವು ಬ್ಯಾಟರಿ ವಾಚುಗಳು. 6 ಮಿ.ಮೀ. ವಾಚು ತೀರಾ ಅಗ್ಗಕ್ಕೆ ಸಿಗುತ್ತಿದ್ದರೆ ಅದು ಕ್ವಾರ್ಟ್ಜ್ ಎಂದೇ ಮೊದಲು ಭಾವಿಸಿ. ಸೆಕೆಂಡ್ ಮುಳ್ಳಿದ್ದರೆ ಸೆಕೆಂಡಿಗೊಮ್ಮೆ ಕುಪ್ಪಳಿಸುವುದನ್ನು ನೋಡಿ ಗುರುತಿಸಬಹುದು. ಎರಡೇ ಮುಳ್ಳಿನವುಗಳಲ್ಲಿ ಆ ಸುಳಿವೂ ಇರದು. ಅಂಥದ್ದರಲ್ಲಿ ಓಟದ ಅವಧಿಯನ್ನು ಗಂಟೆಗಳಲ್ಲಿ ಕೊಟ್ಟಿದ್ದಾರೆಯೇ, ವರ್ಷಗಳಲ್ಲಿ ಕೊಟ್ಟಿದ್ದಾರೆಯೇ ನೋಡಿ. ವರ್ಷ ಎಂದಿದ್ದರೆ ಬ್ಯಾಟರಿ.

ಇನ್ನೊಂದು ಚಾಳಿ, ಗಾಜನ್ನು ಬಿಟ್ಟು ದಪ್ಪ ಹೇಳುವುದು. ಉಬ್ಬು ಗಾಜಿರುವ ವಾಚಿನಲ್ಲಿ ಒಂದೂವರೆ ಮಿಲಿಮೀಟರ್ ಹೀಗೆ ಮಾಯವಾಗಬಹುದು. ‘ಗಾಜಿನ ನಡುಮಧ್ಯದಿಂದ ಹಿಂಬದಿಯ ನಡುಮಧ್ಯದವರೆಗೆ ಎಷ್ಟು’ ಎಂದು ಬರಹದಲ್ಲಿ ಕೇಳಿ. ವಾಚು ಕೈಗೆ ಬಂದ ದಿನವೇ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಪ್ಲಾಸ್ಟಿಕ್ ದವಡೆಯ ಕ್ಯಾಲಿಪರ್ ಆದರೆ ಗಾಜಿಗೆ ಗೀರು ಬೀಳುವುದಿಲ್ಲ. ಹಿಂದಿರುಗಿಸುವ ಅವಧಿ ಮುಗಿದ ಮೇಲೆ ಅಳೆದು ಫಲವಿಲ್ಲ.

ಅಗಲದ ವಿಷಯ ಬೇಗ ಮುಗಿಸಬಹುದು. ತೆಳು ವಾಚಿನ ಅಂಚು ಕಿರಿದು, ಡಯಲ್ ವಿಶಾಲ. ಹಾಗಾಗಿ ಅದೇ ಅಗಲದ ದಪ್ಪ ವಾಚಿಗಿಂತ ದೊಡ್ಡದಾಗಿ ಕಾಣುತ್ತದೆ. 34ರಿಂದ 37 ಮಿ.ಮೀ. ಹೆಚ್ಚಿನವರಿಗೆ ಒಪ್ಪುತ್ತದೆ, 40 ದಾಟಿದರೆ ತಟ್ಟೆ ಕಟ್ಟಿದಂತೆ. ಪಟ್ಟಿ ಸಿಕ್ಕಿಸಲು ಕೇಸಿನಿಂದ ಚಾಚಿರುವ ಕಿವಿಗಳಲ್ಲಿ ಮೇಲಿನದರಿಂದ ಕೆಳಗಿನದರವರೆಗಿನ ಉದ್ದ ಮಣಿಕಟ್ಟಿನ ಮೇಲಿನ ಸಪಾಟಾದ ಭಾಗವನ್ನು ಮೀರಬಾರದು. ಮೀರಿದರೆ ಕಿವಿಗಳ ಕೆಳಗೆ ಗಾಳಿಯಾಡುತ್ತದೆ, ವಾಚು ಎಷ್ಟು ತೆಳ್ಳಗಿದ್ದರೂ ಎತ್ತಿ ನಿಲ್ಲಿಸಿದಂತೆ ಕಾಣುತ್ತದೆ.

ಹಳೆಯ ವಾಚು ಕೊಳ್ಳುವುದಾದರೆ

ಕಡಿಮೆ ಹಣಕ್ಕೆ ನಿಜವಾಗಿ ತೆಳ್ಳನೆಯ ವಾಚು ಬೇಕಾದರೆ 1960–70ರ ದಶಕದ ಹಳೆಯ ವಾಚುಗಳಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಆಗ ತೆಳುತನ ಎಲ್ಲರ ಗುರಿಯಾಗಿತ್ತು. ಸೈಕೊ 1969ರಲ್ಲಿ ತಂದ 68 ಸರಣಿಯ ಮೂವ್‌ಮೆಂಟ್ 1.98 ಮಿ.ಮೀ. ಸೋವಿಯತ್ ಕಾರ್ಖಾನೆಗಳ 2209 ಸಂಖ್ಯೆಯ ಮೂವ್‌ಮೆಂಟ್ 2.9 ಮಿ.ಮೀ. ದಪ್ಪದಲ್ಲಿ ನಡುವೆ ಸೆಕೆಂಡ್ ಮುಳ್ಳನ್ನೂ ಇಟ್ಟುಕೊಂಡು 23 ಜುವೆಲ್‌ಗಳೊಂದಿಗೆ ಓಡುತ್ತದೆ. ಪೊಲ್ಯೊಟ್, ಲೂಚ್ ಹೆಸರಿನ ವಾಚುಗಳಲ್ಲಿ ಸಿಗುತ್ತದೆ. ಈ ಲೇಖನದ ಗುರಿಗೆ ಇಷ್ಟು ಹೊಂದುವ, ಇಷ್ಟು ಅಗ್ಗದ ಯಂತ್ರ ಬೇರೆ ಹೆಚ್ಚಿಲ್ಲ.

ಹಳೆಯದರಲ್ಲಿ ಅಪಾಯವೂ ಅಷ್ಟೇ ಇದೆ. ಹಿಂಬದಿ ತೆರೆದ ಚಿತ್ರ ಕೊಡದ ಮಾರಾಟಗಾರರಿಂದ ಕೊಳ್ಳಬೇಡಿ. ಚಿತ್ರ ಸಿಕ್ಕಿದಾಗ ಹೀಗೆ ನೋಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಒರಟು ಕೈ ಕೆಲಸ ಮಾಡಿದೆ ಎಂದರ್ಥ. ಹಿಂದೆ ಮುಂದೆ ತೂಗುತ್ತಾ ವಾಚಿನ ಹದ ಕಾಯುವ ಬ್ಯಾಲೆನ್ಸ್ ಚಕ್ರದ ಮಧ್ಯದ ಕಲ್ಲಿನ ಸುತ್ತ ಚಿಕ್ಕ ಬಂಗಾರ ಬಣ್ಣದ ಸ್ಪ್ರಿಂಗ್ ಇದ್ದರೆ ಆಘಾತ ತಡೆಯುವ ವ್ಯವಸ್ಥೆ ಇದೆ. ಇಲ್ಲದಿದ್ದರೆ ವಾಚು ಒಮ್ಮೆ ನೆಲಕ್ಕೆ ಬಿದ್ದರೆ ಬ್ಯಾಲೆನ್ಸಿನ ತುದಿ ಮುರಿಯಬಹುದು. ಸ್ಟೀಲ್ ಭಾಗಗಳ ಮೇಲೆ, ಅದರಲ್ಲೂ ಕೀ ಕೊಡುವ ಕಡ್ಡಿ ಒಳಸೇರುವ ಕಡೆ, ಕಂದು ತುಕ್ಕಿದ್ದರೆ ನೀರು ಹೋಗಿದೆ. ತುಕ್ಕು ಹಿಡಿದ ತೆಳು ಮೂವ್‌ಮೆಂಟನ್ನು ಅಗ್ಗಕ್ಕೆ ಸರಿಪಡಿಸಲು ಆಗುವುದಿಲ್ಲ.

ಡಯಲನ್ನು ಹಿಗ್ಗಿಸಿ ನೋಡಿ. ಅಕ್ಷರಗಳ ದಪ್ಪ ಒಂದೊಂದು ಕಡೆ ಒಂದೊಂದು ಬಗೆ, ನಿಮಿಷದ ಗೆರೆ ಅಂಕಿಯ ನೇರಕ್ಕೆ ಬರದಿರುವುದು, ಹೊಳಪು ಬಣ್ಣ ಅಂಚಿನಲ್ಲಿ ದಪ್ಪಗೆ ನಿಂತಿರುವುದು, ಇವೆಲ್ಲ ಡಯಲಿಗೆ ಮತ್ತೆ ಬಣ್ಣ ಹೊಡೆದದ್ದರ ಗುರುತು. ಚಿನ್ನದ ಲೇಪದ ಕೇಸಾದರೆ ಕಿವಿಗಳ ಹಿಂಬದಿ ಮತ್ತು ಕ್ರೌನ್ ಪಕ್ಕ ನೋಡಿ. ಮೊದಲು ಸವೆಯುವುದು ಅಲ್ಲೇ. ಒಳಗಿನ ಹಿತ್ತಾಳೆ ಕಂಡರೆ ಮರುಲೇಪ ಮಾಡಿಸಬೇಕಾಗುತ್ತದೆ. ಅದಕ್ಕೆ ಮೊದಲು ಹೊಳಪು ಹಾಕಲೇಬೇಕು, ತೆಳು ಕೇಸು ಆಗ ಇನ್ನಷ್ಟು ಸವೆಯುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಹಳೆಯ ತೆಳು ವಾಚುಗಳಲ್ಲಿ ಕೆಲವಕ್ಕೆ ಹಿಂಬದಿ ಮುಚ್ಚಳವೇ ಇಲ್ಲ. ಕೇಸು ಒಂದೇ ತುಂಡು, ಮೂವ್‌ಮೆಂಟ್ ಹೊರಬರುವುದು ಗಾಜಿನ ಕಡೆಯಿಂದ. ಅಂಥವುಗಳಲ್ಲಿ ಕೀ ಕೊಡುವ ಕಡ್ಡಿ ಎರಡು ತುಂಡಾಗಿದ್ದು ಒಂದಕ್ಕೊಂದು ಸಿಕ್ಕಿಕೊಂಡಿರುತ್ತದೆ. ಕ್ರೌನನ್ನು ಜೋರಾಗಿ ಎಳೆದರೆ ಕಡ್ಡಿ ಬೇರ್ಪಟ್ಟು ಕ್ರೌನ್ ಕೈಗೆ ಬರುತ್ತದೆ. ವಾಚು ಹಾಳಾಯಿತೆಂದು ಗಾಬರಿಯಾಗಬೇಡಿ, ಹಾಗೆಂದು ಮನೆಯಲ್ಲೇ ಒತ್ತಿ ಕೂರಿಸಲೂ ಹೋಗಬೇಡಿ. ಒಳಗಿನ ತುಂಡು ಸರಿಯಾದ ದಿಕ್ಕಿನಲ್ಲಿ ನಿಂತಿರದಿದ್ದರೆ ತುದಿ ಮುರಿಯುತ್ತದೆ.

ಹಣ ಕೊಡುವ ಮೊದಲು ಮಾಡಬೇಕಾದ ಕೊನೆಯ ಕೆಲಸ: ನಿಮಗೆ ಗೊತ್ತಿರುವ ವಾಚ್ ರಿಪೇರಿಯವರ ಬಳಿ ಮೂವ್‌ಮೆಂಟಿನ ಸಂಖ್ಯೆ ಹೇಳಿ, ಇದನ್ನು ಸರ್ವಿಸ್ ಮಾಡುತ್ತೀರಾ ಎಂದು ಕೇಳುವುದು. 2 ಮಿ.ಮೀ. ಮೂವ್‌ಮೆಂಟನ್ನು ಮುಟ್ಟಲು ಒಪ್ಪದವರು ಅನೇಕರಿದ್ದಾರೆ, ಒಪ್ಪದಿರುವುದು ಅವರ ಪ್ರಾಮಾಣಿಕತೆ. ಸರ್ವಿಸ್ ಖರ್ಚನ್ನು ವಾಚಿನ ಬೆಲೆಗೆ ಕೂಡಿಸಿಯೇ ಹೋಲಿಸಿ. ಸರ್ವಿಸ್ ಆದ ಹಳೆಯ ವಾಚು ಒಂದೂವರೆ ಪಟ್ಟು ಬೆಲೆಗೆ ಸಿಕ್ಕರೂ ಎಷ್ಟೋ ಸಲ ಅದೇ ಅಗ್ಗ.

ಮೊದಲ ವಾರದ ಪರೀಕ್ಷೆ

ಪೂರ್ತಿ ಕೀ ಕೊಟ್ಟು, ಫೋನಿನ ಸಮಯಕ್ಕೆ ಹೊಂದಿಸಿ, 24 ಗಂಟೆಯ ನಂತರ ವ್ಯತ್ಯಾಸ ಬರೆದಿಡಿ. ಒಂದು ದಿನ ಡಯಲ್ ಮೇಲಾಗಿ, ಒಂದು ದಿನ ಡಯಲ್ ಕೆಳಗಾಗಿ, ಒಂದು ದಿನ ಕ್ರೌನ್ ಕೆಳಗಾಗಿ ನಿಲ್ಲಿಸಿ, ಉಳಿದ ದಿನ ಕೈಯಲ್ಲಿ. ಹೊಸ 7001 ದಿನಕ್ಕೆ 10–15 ಸೆಕೆಂಡ್ ಆಚೀಚೆ ಓಡಿದರೆ ಚಿಂತೆಯಿಲ್ಲ. ಮಿಯೋಟಾ 9015ಗೆ ತಯಾರಕರೇ ಹೇಳುವ ಮಿತಿ ದಿನಕ್ಕೆ 10 ಸೆಕೆಂಡ್ ಹಿಂದೆ, 30 ಸೆಕೆಂಡ್ ಮುಂದೆ. ಎಷ್ಟು ಮುಂದೆ ಓಡುತ್ತದೆ ಎಂಬುದಕ್ಕಿಂತ ದಿನದಿನವೂ ಅಷ್ಟೇ ಓಡುತ್ತದೆಯೇ ಎಂಬುದು ಮುಖ್ಯ. ಒಂದೇ ಸಮನೆ 12 ಸೆಕೆಂಡ್ ಮುಂದೆ ಓಡುವ ವಾಚನ್ನು ಐದು ನಿಮಿಷದಲ್ಲಿ ಸರಿಪಡಿಸಬಹುದು. ಇವತ್ತು 5, ನಾಳೆ 40 ಎನ್ನುವ ವಾಚಿನ ಒಳಗೆ ಬೇರೇನೋ ಕೆಟ್ಟಿದೆ.

ರಿಪೇರಿಯವರ ಬಳಿ ಟೈಮ್‌ಗ್ರಾಫರ್ (ವಾಚಿನ ಬಡಿತ ಕೇಳಿ ಓಟ ಅಳೆಯುವ ಯಂತ್ರ) ಇದ್ದರೆ ಅದರ ಮೇಲಿಡಿಸಿ. ಪೂರ್ತಿ ಕೀ ಇರುವಾಗ, ಡಯಲ್ ಮೇಲಾಗಿಟ್ಟರೆ ಬ್ಯಾಲೆನ್ಸಿನ ತೂಗು (ಚಕ್ರ ಒಂದು ಬದಿಗೆ ತಿರುಗುವ ಕೋನ) 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯವಾಗಿದೆ. ಹಳೆಯ ವಾಚು 240 ತೋರಿಸಿದರೂ ಒಪ್ಪಬಹುದು. 220ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿದೆ ಅಥವಾ ಕೊಳೆ ಸೇರಿದೆ. ತೆಳು ಮೂವ್‌ಮೆಂಟುಗಳಲ್ಲಿ ಭಾಗಗಳ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ಕೀ ಕೊಟ್ಟಾಗ ಬಿಗಿಯಾಗುವ ಮೇನ್‌ಸ್ಪ್ರಿಂಗ್‌ನ ಅಗಲವೂ ಕಡಿಮೆ. ದಪ್ಪ ಯಂತ್ರ ತಳ್ಳಿಕೊಂಡು ಹೋಗುವ ಸಣ್ಣ ನೂಲಿನೆಳೆ ಇಲ್ಲಿ ವಾಚನ್ನೇ ನಿಲ್ಲಿಸುತ್ತದೆ.

ಕೀ ಕೊಡುವ ಕ್ರಮ

ವಾಚನ್ನು ಕೈಯಿಂದ ಬಿಚ್ಚಿಯೇ ಕೀ ಕೊಡಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಬೆರಳು ಕ್ರೌನನ್ನು ಓರೆಯಾಗಿ ಎಳೆಯುತ್ತದೆ, ತೆಳು ವಾಚಿನ ಸಣ್ಣ ಕಡ್ಡಿ ಬಾಗುತ್ತದೆ, ಅದರ ರಂಧ್ರ ಸವೆಯುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕ್ರೌನ್ ಹಿಡಿದು ಮುಂದಕ್ಕೆ ಚಿಕ್ಕ ಚಿಕ್ಕ ತಿರುವು ಕೊಡಿ. ಬೆರಳು ಹಿಂದಕ್ಕೆ ಬರುವಾಗ ಕ್ರೌನೂ ಹಿಂದೆ ತಿರುಗಿದರೆ ತೊಂದರೆಯಿಲ್ಲ. ಪೂರ್ತಿ ಸುತ್ತಿನ ಲೆಕ್ಕದಲ್ಲಿ ಇಪ್ಪತ್ತರಿಂದ ಮೂವತ್ತಕ್ಕೆ ಬಿಗಿ ಹೆಚ್ಚುತ್ತದೆ, ಆಮೇಲೆ ಗೋಡೆ ಸಿಕ್ಕಂತೆ ನಿಲ್ಲುತ್ತದೆ. ಅಲ್ಲಿಗೆ ಬಿಡಿ. ‘ಕೀ ಹೆಚ್ಚಾಗಿ ವಾಚು ನಿಂತಿತು’ ಎಂಬ ಮಾತು ಹಳೆಯದು. ಪೂರ್ತಿ ಕೀ ಇದ್ದೂ ನಿಂತ ವಾಚಿನ ದೋಷ ಎಣ್ಣೆಯದು ಅಥವಾ ಕೊಳೆಯದು. ಆದರೆ ಬಿಗಿ ಬಂದ ಮೇಲೂ ಬಲ ಹಾಕಿದರೆ ಸ್ಪ್ರಿಂಗ್ ತುಂಡಾಗಬಹುದು.

ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಸಾಧ್ಯವಾದರೆ ಬೆಳಿಗ್ಗೆ ಕೊಡಿ. ಸ್ಪ್ರಿಂಗ್ ಬಿಗಿಯಾಗಿರುವ ಮೊದಲ 24 ಗಂಟೆಯಲ್ಲಿ ವಾಚು ಒಂದೇ ಹದದಲ್ಲಿ ಓಡುತ್ತದೆ, ಕೊನೆಯ ಹತ್ತು ಹನ್ನೆರಡು ಗಂಟೆಗಳಲ್ಲಿ ಹದ ತಪ್ಪುತ್ತದೆ. ಬೆಳಿಗ್ಗೆ ಕೀ ಕೊಟ್ಟರೆ ಕೈ ಅಲುಗಾಡುವ ಹೊತ್ತಿಗೆಲ್ಲ ಸ್ಪ್ರಿಂಗ್ ತುಂಬಿರುತ್ತದೆ. ಆಟೊಮ್ಯಾಟಿಕ್‌ಗೆ ಈ ಗೋಡೆ ಇರುವುದಿಲ್ಲ. ತುಂಬಿದ ಮೇಲೆ ಸ್ಪ್ರಿಂಗ್ ಒಳಗೇ ಜಾರುತ್ತದೆ. ನಿಂತಿದ್ದರೆ 20–30 ಸುತ್ತು ಕೊಟ್ಟು ಕಟ್ಟಿಕೊಳ್ಳಿ. ಕಟ್ಟದ ದಿನಗಳಲ್ಲಿ ವಾಚು ನಿಲ್ಲಲಿ ಬಿಡಿ. ಪೆಟ್ಟಿಗೆಯಲ್ಲಿಟ್ಟು ತಿರುಗಿಸುವ ಯಂತ್ರಕ್ಕೆ ಹಣ ಹಾಕುವ ಅಗತ್ಯವಿಲ್ಲ.

ರಾತ್ರಿ ಇಡುವ ಭಂಗಿಯೂ ಒಂದು ಉಪಕರಣ. ಮೇಲಿನ ವಾರದ ಪರೀಕ್ಷೆಯಲ್ಲಿ ಯಾವ ಭಂಗಿಯಲ್ಲಿ ವಾಚು ಹಿಂದೆ ಬೀಳುತ್ತದೆ ಎಂದು ತಿಳಿದಿದ್ದರೆ, ಹಗಲಿಡೀ ಮುಂದೆ ಓಡುವ ವಾಚನ್ನು ರಾತ್ರಿ ಅದೇ ಭಂಗಿಯಲ್ಲಿಡಿ. ಹಿಂಬದಿ ತೆರೆಯದೆಯೇ ದಿನಕ್ಕೆ ನಾಲ್ಕೈದು ಸೆಕೆಂಡ್ ತಿದ್ದಬಹುದು.

ಪಟ್ಟಿ

6.5 ಮಿ.ಮೀ. ವಾಚಿಗೆ 4 ಮಿ.ಮೀ. ದಪ್ಪದ, ಒಳಗೆ ಹತ್ತಿ ತುಂಬಿದಂಥ ಪಟ್ಟಿ ಹಾಕಿದರೆ ವಾಚು ಪಟ್ಟಿಗಿಂತ ತೆಳ್ಳಗೆ ಕಾಣುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಕಿವಿಯ ಬಳಿ ಎರಡೂವರೆ, ತುದಿಯಲ್ಲಿ ಒಂದೂವರೆಯಿಂದ ಎರಡು ಮಿ.ಮೀ. ದಪ್ಪದ ಸಪಾಟು ಚರ್ಮದ ಪಟ್ಟಿ ಸಾಕು. ಅಗಲ 18 ಮಿ.ಮೀ. ಇದ್ದರೆ ಬಕಲ್ ಕಡೆ 16ಕ್ಕೆ ಅಥವಾ 14ಕ್ಕೆ ಇಳಿಯಲಿ. ಮಡಚುವ ಸ್ಟೀಲ್ ಕೊಂಡಿ ಬೇಡ. ಮಣಿಕಟ್ಟಿನ ಕೆಳಗೆ ಅದೇ ವಾಚಿಗಿಂತ ದಪ್ಪವಾಗಿ ಮೇಜಿಗೆ ತಾಗುತ್ತದೆ. ಮುಳ್ಳಿನ ಸಾದಾ ಬಕಲೇ ಸರಿ.

ಪಟ್ಟಿ ಬದಲಾಯಿಸುವಾಗ ಕಿವಿಗಳ ಹಿಂಬದಿಗೆ ಟೇಪ್ ಅಂಟಿಸಿಕೊಂಡರೆ ಗೀರು ಬೀಳುವುದಿಲ್ಲ. ಪಟ್ಟಿಯನ್ನು ಕಿವಿಗಳ ನಡುವೆ ಹಿಡಿದಿಡುವ ಕಡ್ಡಿ, ಅಂದರೆ ಸ್ಪ್ರಿಂಗ್ ಬಾರ್, 1.5 ಮಿ.ಮೀ. ದಪ್ಪದ್ದು ತೆಗೆದುಕೊಳ್ಳಿ, 1.8 ಮಿ.ಮೀ.ನದ್ದು ತೆಳು ಪಟ್ಟಿಯ ತುದಿಯನ್ನು ಉಬ್ಬಿಸಿ ಕೇಸಿಗೆ ಉಜ್ಜುವಂತೆ ಮಾಡುತ್ತದೆ. ಹಾಕಿದ ಮೇಲೆ ಎರಡೂ ತುದಿ ‘ಟಿಕ್’ ಎಂದು ರಂಧ್ರದಲ್ಲಿ ಕೂತಿದೆಯೇ ಎಂದು ಪಟ್ಟಿಯನ್ನು ಎಳೆದು ನೋಡಿ. ಕಟ್ಟುವಾಗ ಕಿರುಬೆರಳು ನುಸುಳುವಷ್ಟು ಸಡಿಲವಿರಲಿ. ತೀರಾ ತೆಳ್ಳನೆಯ ಹಿಂಬದಿ ಬಿಗಿಯಾಗಿ ಕಟ್ಟಿದರೆ ತುಸು ಒಳಬಾಗುತ್ತದೆ, ಆಟೊಮ್ಯಾಟಿಕ್ ಆದರೆ ರೋಟರ್‌ಗೆ ತಾಗುವ ಸಾಧ್ಯತೆಯೂ ಇದೆ.

ಏನು ಕೆಡುತ್ತದೆ, ಏಕೆ

ನೀರು: ಹಿಂಬದಿಯಲ್ಲಿ 30 ಮೀಟರ್ ಎಂದಿದ್ದರೂ ಅದು ಮುಳುಗುವ ಆಳವಲ್ಲ. ಕೈ ತೊಳೆಯುವಾಗ ಸಿಡಿದ ಹನಿಗೆ ಅಂಜಬೇಕಿಲ್ಲ, ಅಷ್ಟೇ. ಹಳೆಯ ವಾಚಿಗೆ ಅದೂ ಇಲ್ಲವೆಂದೇ ತಿಳಿಯಿರಿ. ಬಿಸಿನೀರಿನ ಹಬೆ ತುಂಬಿದ ಕೋಣೆಗೆ ಒಯ್ಯಬೇಡಿ. ಗಾಜಿನ ಒಳಗೆ ಮಂಜು ಕಂಡರೆ ಅದೇ ದಿನ ರಿಪೇರಿಗೆ ಕೊಡಿ. ಬಿಸಿ ಮಾಡಿ ಒಣಗಿಸಲು ಹೋದರೆ ತೇವ ಮೂವ್‌ಮೆಂಟಿನೊಳಗೆ ಇನ್ನೂ ಹರಡುತ್ತದೆ.

ಕಾಂತ: ಚೆನ್ನಾಗಿ ಓಡುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮೊದಲ ಅನುಮಾನ ಇದರ ಮೇಲೆಯೇ. ಚೀಲದ ಕಾಂತದ ಗುಂಡಿ, ಟ್ಯಾಬ್ಲೆಟ್ ಮುಚ್ಚಳ, ಸ್ಪೀಕರ್ ಇವುಗಳ ಹತ್ತಿರ ಇಟ್ಟರೆ ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಕಾಂತಗೊಂಡು ಒಂದಕ್ಕೊಂದು ಅಂಟುತ್ತವೆ, ತೂಗು ಚುರುಕಾಗುತ್ತದೆ. ದಿಕ್ಸೂಚಿಯ ಬಳಿ ಹಿಡಿದರೆ ಮುಳ್ಳು ಅಲುಗುತ್ತದೆ. ಕಾಂತ ತೆಗೆಯುವ ಪುಟ್ಟ ಯಂತ್ರ ದುಬಾರಿಯಲ್ಲ. ವಾಚನ್ನು ಅದರ ಮೇಲೆ ಹಿಡಿದು ಗುಂಡಿ ಒತ್ತಿ, ಒತ್ತಿಕೊಂಡೇ ನಿಧಾನವಾಗಿ ಅರ್ಧ ಮೀಟರ್ ದೂರ ಎಳೆದು, ಆಮೇಲೆ ಗುಂಡಿ ಬಿಡಬೇಕು. ಹತ್ತಿರವಿರುವಾಗಲೇ ಗುಂಡಿ ಬಿಟ್ಟರೆ ಕಾಂತ ಇನ್ನೂ ಹೆಚ್ಚಾಗುತ್ತದೆ.

ಪೆಟ್ಟು: ಸುತ್ತಿಗೆ, ಡ್ರಿಲ್, ಬ್ಯಾಟು ಹಿಡಿಯುವ ಮೊದಲು ಬಿಚ್ಚಿಡಿ. ಗಾಜಿನ ನಡುವೆ ಹೆಬ್ಬೆರಳಿಟ್ಟು ಒತ್ತುವ ಅಭ್ಯಾಸವೂ ಬೇಡ. ಹಳೆಯ ಅಕ್ರಿಲಿಕ್ ಗಾಜು ಬಾಗಿ ಮುಳ್ಳಿಗೆ ತಾಗುತ್ತದೆ, ಒಂದು ಮುಳ್ಳು ಇನ್ನೊಂದಕ್ಕೆ ಸಿಕ್ಕಿ ವಾಚು ನಿಲ್ಲುತ್ತದೆ. ಪ್ರತಿದಿನ ಒಂದೇ ನಿಮಿಷಕ್ಕೆ ನಿಲ್ಲುವ ವಾಚಿನಲ್ಲಿ ಹೆಚ್ಚಾಗಿ ಆಗಿರುವುದು ಇದೇ. ಅಕ್ರಿಲಿಕ್ ಗಾಜಿನ ಗೀರುಗಳನ್ನು ಪಾಲಿಶ್ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿ ತೆಗೆಯಬಹುದು. ಮಿನರಲ್ ಗಾಜಿಗೆ, ಸಫೈರ್‌ಗೆ ಆ ಉಪಾಯ ನಡೆಯದು.

ಹಿಂಬದಿ ಒತ್ತಿ ಕೂರಿಸುವ ಬಗೆಯದ್ದಾದರೆ ಮನೆಯಲ್ಲಿ ತೆರೆಯಬೇಡಿ. ತೆರೆಯುವುದು ಸುಲಭ, ಮುಚ್ಚುವಾಗ ಸರಿಯಾದ ಅಚ್ಚಿಲ್ಲದೆ ಒತ್ತಿದರೆ ಭಾರವೆಲ್ಲ ಗಾಜಿನ ಮೇಲೆ ಬಿದ್ದು ಒಡೆಯುತ್ತದೆ.

ಸರ್ವಿಸ್ ನಾಲ್ಕರಿಂದ ಆರು ವರ್ಷಕ್ಕೊಮ್ಮೆ. ಓಡುತ್ತಿದೆಯಲ್ಲ ಎಂದು ಮುಂದೂಡಿದರೆ ಒಣಗಿದ ಎಣ್ಣೆಯಲ್ಲಿ ಸೇರಿದ ಕೊಳೆ ಗೇರಿನ ತುದಿಗಳನ್ನು ತೇಯುತ್ತದೆ. ಆಗ ಎಣ್ಣೆಯ ಜೊತೆ ಗೇರನ್ನೂ ಬದಲಾಯಿಸಬೇಕು, ಹಳೆಯ ಮೂವ್‌ಮೆಂಟಿಗೆ ಆ ಗೇರು ಸಿಗದೆಯೂ ಹೋಗಬಹುದು. ಕೊಡುವಾಗ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕೆಂದು ಸ್ಪಷ್ಟವಾಗಿ ಹೇಳಿ, ಕೇಸಿಗೆ ಹೊಳಪು ಬೇಡವೆನ್ನಿ. ವಾಪಸು ತೆಗೆದುಕೊಳ್ಳುವಾಗ ಡಯಲ್ ಮೇಲಾದಾಗ, ಕೆಳಗಾದಾಗ, ಕ್ರೌನ್ ಕೆಳಗಾದಾಗ ಟೈಮ್‌ಗ್ರಾಫರ್ ತೋರಿಸಿದ ಓಟ ಮತ್ತು ತೂಗಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸರ್ವಿಸ್ ಯಾವಾಗ ಬೇಕೆಂದು ಆ ಚೀಟಿಯ ಪಕ್ಕ ಹೊಸ ಅಂಕಿ ಇಟ್ಟರೆ ತಿಳಿಯುತ್ತದೆ.